ಬಾಯಲ್ಲಿ ಬೆರಳಿದ್ದವಳನ್ನು ಕರೆಯಬಾರದು

ಸುಂದರಾ ಮದುವೆಯಾಗಿ ಕೊಗನೊಳ್ಳಿಗೆ ಬಂದ ಮರುದಿನ ಬೆಳಿಗ್ಗೆ, ಗಂಡನ ಮನೆಯ ಎಮ್ಮೆಯ ಮುಂದೆ ತಲೆ ಸುತ್ತಿ ಕುಸಿದು ಕುಳಿತಳು. ಕೆಳಗಿನ ಓಣಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಗದೆ ಇದ್ದದ್ದು ಎಮ್ಮೆಯೊಂದೇ.

ಆಗಿದ್ದಿಷ್ಟು. ಅತ್ತೆ ಹೊಳೆವ್ವ ಪ್ರೀತಿಯಿಂದಲೇ ಹೊಸ ಸೊಸೆಯ ಅಂಗೈಗೆ ಒಂದು ಚಿಟಿಕೆ ಕರಿ ಪುಡಿ ಹಾಕಿ, "ಹಲ್ಲಿಗೆ ಹಚ್ಕೋ ಬೇ, ಬಾಯಿ ಸ್ವಚ್ಛ ಆಕ್ಕತಿ" ಎಂದಿದ್ದಳು. ಸುಂದರಾಳ ತವರು ಅಥಣಿ ತಾಲೂಕಿನ ಸತ್ತಿ. ಕೃಷ್ಣಾ ಹೊಳೆಯ ದಂಡೆಯಲ್ಲಿ ಬೇವಿನ ಕಡ್ಡಿ ಜಗಿದು ಬಾಯಿ ಮುಕ್ಕಳಿಸಿ ಬೆಳೆದ ಹುಡುಗಿ ಅವಳು. ಅತ್ತೆ ಕೊಟ್ಟದ್ದನ್ನು ಮೊದಲ ದಿನವೇ ಬೇಡ ಎನ್ನುವುದು ಹೇಗೆಂದು ಬೆರಳಿಗೆ ಮೆತ್ತಿಕೊಂಡು ತಿಕ್ಕಿದಳು. ಮೊದಲು ನಾಲಿಗೆ ಉರಿಯಿತು, ಆಮೇಲೆ ಕಿವಿ ಬಿಸಿಯಾಯಿತು, ಆಮೇಲೆ ಎಮ್ಮೆ ಎರಡಾಗಿ ಕಾಣಿಸಿತು.

ಆ ಕರಿ ಪುಡಿಯ ಹೆಸರು ಮಶೇರಿ. ನಿಪ್ಪಾಣಿ ಸೀಮೆಯ ತಂಬಾಕನ್ನು ಕಬ್ಬಿಣದ ಹಂಚಿನ ಮೇಲೆ ಕರ್ರಗಾಗುವವರೆಗೆ ಹುರಿದು, ಕುಟ್ಟಿ, ಜರಡಿ ಹಿಡಿದು ಡಬ್ಬಿಗೆ ತುಂಬಿದರೆ ಮಶೇರಿ ತಯಾರು. ಆದರೆ ತಂಬಾಕು ಹಂಚಿನ ಮೇಲೆ ಬೀಳುವವರೆಗೆ ಮಾತ್ರ ತಂಬಾಕು. ಹಂಚಿನಿಂದ ಇಳಿದ ಮೇಲೆ ಅದು ಹಲ್ಲಿನ ಪುಡಿ. ಇದು ಓಣಿಯ ಹೆಂಗಸರ ಗಟ್ಟಿ ನಂಬಿಕೆ. ತಂಬಾಕು ತಿನ್ನುವುದು ಗಂಡಸರ ಚಟ, ಮಶೇರಿ ಹಚ್ಚುವುದು ಹೆಂಗಸರ ಶುಚಿ. ಓಣಿಗೆಲ್ಲ ಮಶೇರಿ ಹುರಿದು ಕೊಡುತ್ತಿದ್ದವಳು ಹೊಳೆವ್ವ. ಅವಳ ಹದ ಯಾರಿಗೂ ಬರುತ್ತಿರಲಿಲ್ಲವಂತೆ.

ಹೊಳೆವ್ವನ ಮನೆಯ ಮುಂದೆ ಉದ್ದನೆಯ ಕಲ್ಲಿನ ಕಟ್ಟೆಯೊಂದಿತ್ತು. ದಿನಾ ಬೆಳಿಗ್ಗೆ, ಕಸ ಮುಸುರೆಗೆ ಕೈ ಹಚ್ಚುವ ಮೊದಲು, ಹೆಂಗಸರು ತಮ್ಮ ತಮ್ಮ ಡಬ್ಬಿ ಹಿಡಿದು ಬಂದು ಅಲ್ಲಿ ಸಾಲಾಗಿ ಕೂರುತ್ತಿದ್ದರು. ತೋರುಬೆರಳು ಬಾಯೊಳಗೆ ಹೋಯಿತೆಂದರೆ ಮುಗಿಯಿತು, ಮುಂದಿನ ಅರ್ಧ ತಾಸು ಆ ಹೆಂಗಸು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಬಾಯಲ್ಲಿ ಬೆರಳಿದ್ದವಳನ್ನು ಕೆಲಸಕ್ಕೆ ಕರೆಯಬಾರದೆಂಬುದು ಓಣಿಯ ಕಟ್ಟಳೆ. ಅದನ್ನು ಯಾರು ಮಾಡಿದರೋ ಗೊತ್ತಿಲ್ಲ, ಗಂಡಸರಂತೂ ಮಾಡಿರಲಿಕ್ಕಿಲ್ಲ. ಕೂಸು ಅತ್ತರೆ ಅಪ್ಪ ಎತ್ತಿಕೊಳ್ಳಬೇಕು, ಹಾಲು ಉಕ್ಕಿದರೆ ಮಾವ ಓಡಬೇಕು. ಬೆರಳು ಬಾಯಲ್ಲಿದ್ದರೂ ಮಾತಿಗೆ ಮಾತ್ರ ಏನೂ ಅಡ್ಡಿಯಾಗುತ್ತಿರಲಿಲ್ಲ. ಊರಿನ ಸುದ್ದಿಯೆಲ್ಲ ಅಲ್ಲಿ ಕರಿ ಉಗುಳಿನ ಜೊತೆ ಹೊರಗೆ ಬೀಳುತ್ತಿತ್ತು.

ತಲೆ ಸುತ್ತಿ ಕುಳಿತ ಆ ದಿನದಿಂದ ಸುಂದರಾ ಮಶೇರಿ ಮುಟ್ಟಲಿಲ್ಲ. ಹಾಗಾಗಿ ಕಟ್ಟೆಯ ಮೇಲೆ ಅವಳಿಗೆ ಜಾಗವೂ ಇಲ್ಲವಾಯಿತು. ಬಾಯಿ ಖಾಲಿ ಇದ್ದವಳು ಅಲ್ಲಿ ಕೂತು ಏನು ಮಾಡುತ್ತಾಳೆ? ಎಮ್ಮೆಗೆ ನೀರು ತೋರಿಸಬೇಕು, ಸೆಗಣಿ ಬಳಿಯಬೇಕು, ನೀರು ಕಾಯಿಸಬೇಕು. ಅತ್ತ ಗಂಡ ಭೀಮಸಿ ಹಾಲು ಹಿಂಡುತ್ತ "ಸುಂದ್ರಾ, ಚಹಾ" ಎನ್ನುತ್ತಿದ್ದ, ಇತ್ತ ಕಟ್ಟೆಯ ಮೇಲಿನಿಂದ ಹೊಳೆವ್ವ ಬೆರಳು ತೆಗೆಯದೆ "ಸುಂದ್ರಾ, ಆ ಕೋಳಿ ಹೊಡಿ" ಎನ್ನುತ್ತಿದ್ದಳು. ಓಣಿಯಲ್ಲಿ ಆ ಅರ್ಧ ತಾಸಿನಲ್ಲಿ ಕರೆಸಿಕೊಳ್ಳಲು ಸಿಗುತ್ತಿದ್ದ ಹೆಂಗಸೆಂದರೆ ಅವಳೊಬ್ಬಳೇ, ಆದ್ದರಿಂದ ಎಲ್ಲರೂ ಅವಳನ್ನೇ ಕರೆದರು. ಪಕ್ಕದ ಮನೆಯ ಕಾಳವ್ವ ಕೂಡ ತನ್ನ ಒಲೆಯ ಮೇಲಿನ ಹಾಲು ನೋಡಲು ಇವಳಿಗೇ ಹೇಳುತ್ತಿದ್ದಳು. ಸುಂದರಾ ಕೊಡ ಹೊತ್ತು ಆ ಕಟ್ಟೆಯ ಮುಂದೆ ಹಾದು ಹೋಗುವಾಗ ಒಳಗೊಳಗೇ ಉರಿಯುತ್ತಿದ್ದಳು. ಅವಳಿಗೆ ಮಶೇರಿ ಬೇಡವಾಗಿತ್ತು, ಆದರೆ ಆ ಕಟ್ಟೆ ಬಹಳ ಬೇಕಾಗಿತ್ತು.

ಹೀಗೆ ವರ್ಷಗಳು ಹೋದವು. ಮಕ್ಕಳು ದೊಡ್ಡವರಾಗಿ ಹಾಸ್ಟೆಲ್ ಸೇರಿದರು. ಊರಿಗೆ ಆಶಾ ಕಾರ್ಯಕರ್ತೆ ಬೇಕೆಂದಾಗ ಸುಂದರಾ ಅರ್ಜಿ ಹಾಕಿದಳು. "ಮನ್ಯಾಗಿನ ಕೆಲಸ ಯಾರ ಮಾಡ್ತಾರ" ಎಂದು ಭೀಮಸಿ ಮುಖ ಊದಿಸಿಕೊಂಡ. ಆಗ ಕಟ್ಟೆಯ ಮೇಲಿದ್ದ ಹೊಳೆವ್ವ ಬಾಯಿಂದ ಬೆರಳು ತೆಗೆದಳು. ಮಶೇರಿ ಹಚ್ಚುವಾಗ ಅವಳು ಮಾತಿಗಾಗಿ ಬೆರಳು ತೆಗೆದದ್ದನ್ನು ಓಣಿ ಅಲ್ಲಿಯವರೆಗೆ ನೋಡಿರಲಿಲ್ಲ.

"ಆಕಿ ಹೋಗ್ಲಿ. ಮನ್ಯಾಗಿನ ಕೆಲಸ ಮಾಡಾಕ ನಿನಗ ಕೈ ಇಲ್ಲೇನು?" ಎಂದು ಮಗನಿಗೆ ಹೇಳಿ, ಮತ್ತೆ ಬೆರಳನ್ನು ಬಾಯಿಗಿಟ್ಟುಕೊಂಡಳು. ಸುಂದರಾ ಅತ್ತೆಯ ಮೇಲೆ ಎಷ್ಟೇ ಸಿಟ್ಟು ಮಾಡಿಕೊಂಡರೂ ಆ ಒಂದು ಮಾತನ್ನು ನೆನೆದು ಮೆತ್ತಗಾಗುತ್ತಿದ್ದಳು.

ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆ ಉಟ್ಟ ಮೇಲೆ ಸುಂದರಾ ಬೇರೆಯೇ ಹೆಂಗಸಾದಳು. ದನಿ ಎತ್ತರವಾಯಿತು, ನಡಿಗೆ ಬಿರುಸಾಯಿತು. ಬಾಣಂತಿಯರನ್ನು ಬೈದು ಮಾತ್ರೆ ನುಂಗಿಸಿದಳು, ಚುಚ್ಚುಮದ್ದಿಗೆ ಹೆದರಿ ಓಡುವವರನ್ನು ಕಬ್ಬಿನ ಗದ್ದೆಯವರೆಗೆ ಬೆನ್ನಟ್ಟಿದಳು. ಹೀಗಿರುವಾಗ ಚಿಕ್ಕೋಡಿಯಲ್ಲಿ ತಂಬಾಕು ಬಿಡಿಸುವ ಕಾರ್ಯಕ್ರಮದ ತರಬೇತಿಗೆ ಕರೆ ಬಂತು. ಯಾವ ಊರು ತಂಬಾಕು ಬಿಡುತ್ತದೋ ಆ ಊರಿನ ಬಾಗಿಲಿಗೆ 'ತಂಬಾಕು ಮುಕ್ತ ಗ್ರಾಮ' ಎಂಬ ಬೋರ್ಡು. ಬಿಡಿಸಿದವಳಿಗೆ ವೇದಿಕೆಯ ಮೇಲೆ ಶಾಲು, ಹಾರ, ಚಪ್ಪಾಳೆ. ಸುಂದರಾಳಿಗೆ ಬೋರ್ಡಿಗಿಂತ ಶಾಲು ಹೆಚ್ಚು ಹಿಡಿಸಿತು. ಸತ್ತಿಯಿಂದ ಅಣ್ಣ ಲಕ್ಷ್ಮಣನನ್ನೂ ವೈನಿಯನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ಬಸ್ಸಿನಲ್ಲೇ ನಿರ್ಧರಿಸಿದಳು.

ಮೊದಲ ಬೇಟೆ ಮನೆಯಲ್ಲೇ ಇತ್ತು. ಭೀಮಸಿ ಗುಟ್ಕಾ ಪ್ರಿಯ. ಹೆಂಡತಿ ಕಿಸೆ ತಡಕುತ್ತಾಳೆಂದು ಅವನು ಚೀಟುಗಳನ್ನು ಮೇವಿನ ಬಣವೆಯಲ್ಲಿ ಬಚ್ಚಿಡತೊಡಗಿದ. ಒಂದು ದಿನ ಎಮ್ಮೆ ಮೇವಿನ ಜೊತೆ ಅದನ್ನೂ ತಿಂದಿತು, ಸಂಜೆ ಬಾಯಿಂದ ನೊರೆ ಸುರಿಸುತ್ತ ಹಾಲು ಕೊಡಲಿಲ್ಲ. ದನದ ಡಾಕ್ಟರು ಬಂದು ಕಾರಣ ಹೇಳಿದಾಗ ಭೀಮಸಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಅವನಿಗೆ ಎಮ್ಮೆಯೆಂದರೆ ಪ್ರಾಣ. ತನ್ನ ಬಾಯಿಯ ಚಿಂತೆ ಮಾಡದವನು ಎಮ್ಮೆಯ ಬಾಯಿಗೆ ಹೆದರಿ ಗುಟ್ಕಾ ಬಿಟ್ಟ. ಸುಂದರಾ ಈ ಕತೆಯನ್ನು ಮನೆಮನೆಗೆ ಹೇಳಿಕೊಂಡು ಬಂದಳು. ನಗುವಿಗೆ ನಾಚಿ ಒಂದಿಷ್ಟು ಗಂಡಸರು ಬಿಟ್ಟರು, ಸರ್ಕಾರಿ ದವಾಖಾನೆಯ ಡಾಕ್ಟರರ ಮಾತು ಕೇಳಿ ಇನ್ನೊಂದಿಷ್ಟು ಜನ ಬಿಟ್ಟರು. ಅಂಗಡಿಯವನು ಶಾಲೆಯ ಹತ್ತಿರ ಗುಟ್ಕಾದ ಸರ ಕಟ್ಟುವುದನ್ನು ನಿಲ್ಲಿಸಿದ.

ಆಮೇಲೆ ಕಾರ್ಯಕ್ರಮದ ಮೇಲ್ವಿಚಾರಕ ಕಾಕಾಸಾಹೇಬ ಊರು ನೋಡಲು ಬಂದ. ಆಸುಪಾಸಿನ ಹಳ್ಳಿಯವನೇ, ಮನುಷ್ಯ ಕೆಟ್ಟವನಲ್ಲ. ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಷ್ಟೆ. ಬೆಳಿಗ್ಗೆ ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಕಾಗವಾಡದ ಚಹಾದಂಗಡಿ ಮುಟ್ಟುತ್ತಿತ್ತು. ಅವನು ಕಟ್ಟೆಯ ಮುಂದೆ ನಿಂತು ಹೆಂಗಸರನ್ನು ಕೇಳಿದ.

"ನೀವು ಯಾರರ ತಂಬಾಕ ತಿಂತೀರೇನ್ರಿ?"

"ಛೀ ಛೀ," ಎಂದಳು ಕಾಳವ್ವ ಕರಿ ಬೆರಳನ್ನು ಬಾಯಿಂದ ತೆಗೆದು. "ನಮ್ಮ ಮನಿತನದಾಗ ಹೆಣ್ಮಕ್ಕಳು ತಂಬಾಕ ಮುಟ್ಟೂದಿಲ್ರಿ ಸಾಹೇಬ್ರ."

"ಸೇದೂದು?"

"ನಮಗೇನು ಗಡ್ಡ ಬಂದಾವೇನ್ರಿ?" ಎಂದಳು ಹೊಳೆವ್ವ. ಸಾಲಿಗೆ ಸಾಲೇ ಕರಿ ಹಲ್ಲು ಬಿಟ್ಟು ನಕ್ಕಿತು.

ಸುಂದರಾ ತಡೆಯಲಾರದೆ, "ಸಾಹೇಬ್ರ, ಮತ್ತ ಮಶೇರಿ?" ಎಂದಳು.

ಕಾಕಾಸಾಹೇಬ ಅವಳನ್ನು ಪಾಪ ಎಂಬಂತೆ ನೋಡಿದ. "ಅದು ಹಲ್ಲಿನ ಪುಡಿ ಅಲ್ಲೇನ್ರಿ ಅಕ್ಕಾರ? ನಮ್ಮವ್ವನೂ ಹಚ್ತಾಳ. ಇದ್ದಬಿದ್ದದ್ದನ್ನೆಲ್ಲ ತಂಬಾಕ ಅನಬ್ಯಾಡ್ರಿ." ಕೆಳಗಿನ ಓಣಿಯ ಹೆಂಗಸರು ಪೂರಾ ಸ್ವಚ್ಛ ಎಂದು ಮೇಲಿನವರಿಗೆ ವರದಿ ಹೋಯಿತು. ಕಟ್ಟೆಯ ಮೇಲಿನ ಪ್ರತಿ ಬಾಯಿಯೂ ಆ ಹೊತ್ತಿಗೆ ತಂಬಾಕಿನಿಂದ ತುಂಬಿತ್ತು.

ಮುಂದೆ ಊರಲ್ಲಿ ಹಲ್ಲಿನ ತಪಾಸಣೆಯ ಶಿಬಿರ ನಡೆಯಿತು. ದೂರದ ಊರಿನ ಹಲ್ಲಿನ ಡಾಕ್ಟರಮ್ಮ ಬಂದಿದ್ದಳು, ವಯಸ್ಸು ಚಿಕ್ಕದು, ಮಾತು ನೇರ. ಟಾರ್ಚು ಹಿಡಿದು ಹೊಳೆವ್ವನ ಬಾಯೊಳಗೆ ನೋಡಿದವಳು ಬಹಳ ಹೊತ್ತು ಟಾರ್ಚು ತೆಗೆಯಲಿಲ್ಲ. ಕೆನ್ನೆಯ ಒಳಗೆ, ದಿನಾ ಮಶೇರಿ ಕೂರುವ ಜಾಗದಲ್ಲಿ, ಒಂದು ಬಿಳಿ ಕಲೆ ಎದ್ದಿತ್ತು.

"ಅಜ್ಜಿ, ಇದು ಹಲ್ಲಿನ ಪುಡಿಯಲ್ಲ, ಹುರಿದ ತಂಬಾಕು. ಈಗಲೇ ಬಿಟ್ಟರೆ ಈ ಕಲೆ ಹೋದರೂ ಹೋದೀತು. ಬಿಡದಿದ್ದರೆ ಮುಂದೆ ಕ್ಯಾನ್ಸರ್ ಆಗಬಹುದು," ಎಂದು ಅವಳು ಸುತ್ತು ಬಳಸದೆ ಹೇಳಿದಳು. ಆಮೇಲೆ ಸುಂದರಾಳ ಕಡೆ ತಿರುಗಿ, "ಕೆಲವು ತಿಂಗಳು ಬಿಟ್ಟು ಮತ್ತೆ ಕರಕೊಂಡು ಬನ್ನಿ, ತಪ್ಪಿಸಬೇಡಿ," ಎಂದಳು. ಓಣಿಯ ಹೆಂಗಸರ ಬಾಯಿಯನ್ನೆಲ್ಲ ನೋಡಿ ಮುಗಿಸಿದ ಮೇಲೆ ಅವಳು ಕಾಕಾಸಾಹೇಬನಿಗೆ ಏನು ಹೇಳಿದಳೋ, ಅವನು ಕೆಂಪಗಾಗಿ ಹೊರಬಂದ. ಅವತ್ತಿನಿಂದ ಕೆಳಗಿನ ಓಣಿಯ ಹೆಸರು ತೆಗೆದರೆ ಅವನಿಗೆ ಹಲ್ಲುನೋವು ಬರುತ್ತಿತ್ತು.

ಸುಂದರಾ ಮನೆಗೆ ಬಂದು ಒಲೆಯ ಮುಂದೆ ಕುಳಿತು ಅತ್ತಳು. ಊರವರ ಬಾಯಿಯ ತಂಬಾಕು ಬಿಡಿಸಲು ಹೋದವಳಿಗೆ ತನ್ನ ಮನೆಯ ಬಾಯಿ ಕಾಣಲಿಲ್ಲವಲ್ಲ ಎಂದು ಅತ್ತಳು. ಅತ್ತೆ ಎಷ್ಟು ಜೋರಿನವಳಾದರೂ ಅವಳಿಲ್ಲದ ಆ ಮನೆಯನ್ನು ಸುಂದರಾಳಿಗೆ ಯೋಚಿಸಲೂ ಆಗಲಿಲ್ಲ. ಶಾಲು, ಹಾರ ಎಲ್ಲ ಅವಳ ತಲೆಯಿಂದ ಇಳಿದುಹೋದವು. ಅತ್ತೆ ಮಶೇರಿ ಬಿಡಬೇಕು, ಉಳಿದದ್ದು ಆಮೇಲೆ.

ಬಿಡಿಸುವುದು ಅಷ್ಟು ಸುಲಭವೆ? ಸುಂದರಾ ಡಬ್ಬಿ ಬಚ್ಚಿಟ್ಟಳು. ಹೊಳೆವ್ವ ಇನ್ನೊಂದು ತೆಗೆದಳು. ಅದನ್ನೂ ಬಚ್ಚಿಟ್ಟಳು, ಕಾಳವ್ವನ ಡಬ್ಬಿ ಇತ್ತು. ಸುಂದರಾ ನಿಪ್ಪಾಣಿಯಿಂದ ಒಳ್ಳೆಯ ಬ್ರಶ್ಶು, ಪೇಸ್ಟು ತಂದು ಕೊಟ್ಟಳು. ಹೊಳೆವ್ವ ಸೊಸೆಯನ್ನು ಬಾಯಿತುಂಬ ಹೊಗಳಿ, ಆ ಬ್ರಶ್ಶಿನಿಂದ ದೇವರ ಮುಂದಿನ ದೀಪದ ಸಮೆ ತಿಕ್ಕಿದಳು. ಕ್ಯಾನ್ಸರಿನ ಭಯಾನಕ ಚಿತ್ರಗಳ ಪೋಸ್ಟರನ್ನು ಕಟ್ಟೆಯ ಎದುರಿನ ಗೋಡೆಗೆ ಅಂಟಿಸಿದರೆ, ಹೆಂಗಸರು ಅದಕ್ಕೆ ಬೆನ್ನು ಮಾಡಿ ಕುಳಿತರು.

ಕೊನೆಗೆ ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಅತ್ತೆ ಸೊಸೆ ಇಬ್ಬರೇ ಇದ್ದಾಗ ಸುಂದರಾ ಸೋತು ಕೇಳಿದಳು.

"ಅತ್ತಿ, ನಿಮಗ ಜೀವದ ಆಸೆ ಇಲ್ಲೇನ್ರಿ?"

"ಐತಿ. ಯಾಕ ಇರೂದಿಲ್ಲ?"

"ಮತ್ತ ಯಾಕ ಬಿಡವಲ್ರಿ? ಅಷ್ಟ ರುಚಿ ಹತ್ತೇತೇನು?"

ಹೊಳೆವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. "ರುಚಿ ಏನ ಬೇ, ಕಹಿ ಇರ್ತೈತಿ. ಮಶೇರಿ ಬಿಟ್ರ ಕಟ್ಟಿ ಬಿಡಬೇಕಲ್ಲ. ನಾ ಈ ಮನಿಗೆ ಬಂದಾಗಿಂದ ಕುಂತಿದ್ದಂದ್ರ ಅಲ್ಲೇ ಕುಂತೇನಿ. ಬಾಕಿ ಹೊತ್ತೆಲ್ಲ ನಿಂತೇನಿ. ನಾಳೆ ಬಾಯಾಗ ಬೆರಳ ಇಲ್ದ ಕುಂತೆ ಅಂದ್ರ, ಭೀಮ್ಯಾ ಬಂದು, ಯವ್ವಾ ಸುಮ್ನ ಕುಂತಿಯಲ್ಲ, ಒಂದೀಟ ಸೆಗಣಿ ಬಳಿ ಅಂತಾನ. ಕಾಳವ್ವನ ಗಂಡ ಆಕಿನ್ನ ಕರೀತಾನ. ಒಬ್ಬಾಕಿ ಎದ್ರ ಎಲ್ಲಾರೂ ಏಳತಾರ. ಸುಮ್ನ ಕುಂತ ಹೆಣ್ಮಗಳ್ನ ಈ ಓಣ್ಯಾಗ ಯಾರ ಬಿಡ್ತಾರ?" ಇನ್ನೊಂದು ಕಾಯಿ ಸುಲಿದು ಮೆಲ್ಲಗೆ ಸೇರಿಸಿದಳು, "ನಿನಗ ಗೊತ್ತೈತೆಲ್ಲ."

ಗೊತ್ತಿತ್ತು. ಆ ಓಣಿಯಲ್ಲಿ ಅದು ಸುಂದರಾಳಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಆ ಮಾತು ಕೇಳಿ ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ತಾನು ಹೊರಗಿನಿಂದ ಆಸೆಪಟ್ಟದ್ದನ್ನೇ ಅತ್ತೆ ಒಳಗಿನಿಂದ ಕಾಯ್ದುಕೊಂಡು ಕೂತಿದ್ದಾಳೆಂದು ತಿಳಿದು ಅವಳ ಮನಸ್ಸು ತುಂಬಿ ಬಂತು. ಮುಂದಿದ್ದ ಶೇಂಗಾ ಸಿಪ್ಪೆಯ ಗುಡ್ಡೆಯನ್ನು ನೋಡುತ್ತ ನೋಡುತ್ತ ಅವಳಿಗೆ ಒಂದು ಕಿತಾಪತಿ ಹೊಳೆಯಿತು.

"ಅತ್ತಿ, ಓಣಿಯವರು ನೋಡೂದು ಏನು? ಬಾಯಾಗಿನ ಬೆರಳು. ಡಬ್ಬ್ಯಾಗ ಏನೈತಿ ಅಂತ ಯಾರರ ಇಣುಕಿ ನೋಡ್ಯಾರೇನು?"

ಹೊಳೆವ್ವ ಸೊಸೆಯ ಮುಖ ನೋಡಿದಳು, ಸಿಪ್ಪೆ ನೋಡಿದಳು, ಒಲೆಯ ಪಕ್ಕದ ಹಂಚು ನೋಡಿದಳು. "ಸತ್ತಿಯವರು ಸಾದಾ ಮಂದಿ ಅಂತ ತಿಳದಿದ್ನೆಲ್ಲ ಬೇ ನಾನು," ಎಂದಳು.

ಶೇಂಗಾ ಸಿಪ್ಪೆಯನ್ನು ಹೊಳೆವ್ವ ತನ್ನ ಹದದಲ್ಲೇ ಕರ್ರಗೆ ಹುರಿದು, ಉಪ್ಪು ಲವಂಗ ಹಾಕಿ ನುಣ್ಣಗೆ ಕುಟ್ಟಿದಳು. ಬಣ್ಣ ತಂಬಾಕಿನದೇ. ಸುಂದರಾ ಡಾಕ್ಟರಮ್ಮನಿಗೆ ಫೋನು ಹಚ್ಚಿ ಕೇಳಿದಾಗ ಆಕೆ ಮೊದಲು ನಕ್ಕು, ಆಮೇಲೆ ಗದರಿಸಿ, ಬೆರಳಿಗೆ ತೋರಿಕೆಗಷ್ಟೇ ಇರಲಿ, ಜೋರಾಗಿ ತಿಕ್ಕಬಾರದು, ಆಮೇಲೆ ಬ್ರಶ್ಶು ಮಾಡಲೇಬೇಕು ಎಂದಳು. ಸಮೆ ತಿಕ್ಕುತ್ತಿದ್ದ ಬ್ರಶ್ಶಿಗೆ ನಿವೃತ್ತಿಯಾಗಿ ಹೊಸದು ಬಂತು.

ಆದರೆ ತಂಬಾಕು ಅಷ್ಟು ಸುಲಭಕ್ಕೆ ಬಿಟ್ಟು ಹೋಗುವ ನೆಂಟನೆ? ಹೊಳೆವ್ವನಿಗೆ ತಲೆ ಸಿಡಿಯಿತು, ಹೊಟ್ಟೆ ಕಟ್ಟಿತು, ಸಿಟ್ಟು ಮೂಗಿನ ತುದಿಯಲ್ಲೇ ಕೂತಿತು. ಭೀಮಸಿ ಉಂಡರೆ ಯಾಕೆ ಉಂಡೆ, ಉಣ್ಣದಿದ್ದರೆ ಯಾಕೆ ಉಣ್ಣಲಿಲ್ಲ. ಕೋಳಿಗಳು ಕೂಡ ಆ ವಾರ ಅಂಗಳಕ್ಕೆ ಬರಲಿಲ್ಲ. ಸುಂದರಾ ಬಿಸಿನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು, ಬಾಯಿ ಚಡಪಡಿಸಿದಾಗಲೆಲ್ಲ ಬಡಿಸೋಪು ಕೊಟ್ಟಳು, ಬೈಗುಳ ತಿಂದಳು. ಒಮ್ಮೆ ಹೊಳೆವ್ವ, ಸೊಸೆ ಬಚ್ಚಿಟ್ಟಿದ್ದ ಹಳೆಯ ಡಬ್ಬಿಯನ್ನು ಹುಡುಕಿ ಮುಚ್ಚಳ ತೆಗೆದೇಬಿಟ್ಟಿದ್ದಳು. ಸುಂದರಾ ಕಸಿದುಕೊಳ್ಳಲಿಲ್ಲ, ಅತ್ತೆಯ ಕಾಲ ಹತ್ತಿರ ಸುಮ್ಮನೆ ಕುಳಿತು, "ನೀವು ಇರಬೇಕ್ರಿ ಅತ್ತಿ" ಎಂದಳು ಅಷ್ಟೆ. ಹೊಳೆವ್ವ ಡಬ್ಬಿಯನ್ನು ಒಲೆಗೆ ಸುರಿದಳು. ಓಣಿಯೆಲ್ಲ ಕೆಮ್ಮಿತು.

ಆ ಕೆಮ್ಮಿನಿಂದ ಹೊಳೆವ್ವನಿಗೆ ಇನ್ನೊಂದು ಬುದ್ಧಿ ಬಂತು. ಶೇಂಗಾ ಸಿಪ್ಪೆ ಹುರಿದರೆ ತಂಬಾಕಿನ ಘಾಟು ಏಳುವುದಿಲ್ಲ. ಘಾಟು ಏಳದಿದ್ದರೆ ಗಂಡಸರಿಗೆ ಅನುಮಾನ ಬರುತ್ತದೆ. ಹಾಗಾಗಿ ಹುರಿದು ಮುಗಿಸಿದ ಮೇಲೆ ಹಂಚಿಗೆ ಒಂದು ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕತೊಡಗಿದಳು. ಓಣಿಯ ತುದಿಯಲ್ಲಿದ್ದವರು ಕೂಡ ಕಣ್ಣೊರೆಸಿಕೊಂಡು, "ಹೊಳೆವ್ವ ಮಶೇರಿ ಹುರ್ಯಾಕತ್ತಾಳ" ಎಂದು ಒಪ್ಪಿಕೊಂಡರು.

ಗುಟ್ಟು ಮೊದಲು ತಿಳಿದದ್ದು ಕಾಳವ್ವನಿಗೆ. ತನ್ನ ಡಬ್ಬಿ ಮರೆತು ಬಂದ ಒಂದು ಬೆಳಿಗ್ಗೆ ಪದ್ಧತಿಯಂತೆ ಹೊಳೆವ್ವನ ಡಬ್ಬಿಯಿಂದ ಚಿಟಿಕೆ ತೆಗೆದು ಬಾಯಿಗಿಟ್ಟಳು. ಇಟ್ಟವಳು ಹಾಗೆಯೇ ನಿಂತಳು. ಹೊಳೆವ್ವ ಅವಳ ಕಡೆ ಕಣ್ಣು ಬಿಟ್ಟಳು. ಕಾಳವ್ವ ಏನೂ ಆಗದವಳಂತೆ ತಿಕ್ಕುತ್ತ ಕುಳಿತು, ಎಲ್ಲರೂ ಎದ್ದು ಹೋದ ಮೇಲೆ ಕಿವಿಯಲ್ಲಿ, "ಯಕ್ಕಾ, ನನಗೂ ಒಂದೀಟ ಇದನ್ನ ಹುರದ ಕೊಡ. ಆ ಡಾಕ್ಟರಮ್ಮ ಹೇಳಿದಾಗಿಂದ ನನಗ ನಿದ್ದಿ ಹತ್ತವಲ್ದು" ಎಂದಳು. ಆಮೇಲೆ ಅವಳ ಪಕ್ಕದವಳು ಕೇಳಿದಳು, ಅವಳ ಪಕ್ಕದವಳೂ ಕೇಳಿದಳು. ಒಬ್ಬೊಬ್ಬರಿಗೂ ತಲೆನೋವು, ಸಿಡಿಮಿಡಿ ಬಂದು ಹೋಯಿತು. ಸುಂದರಾ ಬಡಿಸೋಪಿನ ಪೊಟ್ಟಣ ಹಿಡಿದು ಮನೆಯಿಂದ ಮನೆಗೆ ಓಡಾಡಿದಳು. ಮಾವಿನಕಾಯಿ ಇಳಿಸುವ ಕಾಲಕ್ಕೆ ಕಟ್ಟೆಯ ಮೇಲಿನ ಒಂದು ಡಬ್ಬಿಯಲ್ಲೂ ತಂಬಾಕು ಉಳಿದಿರಲಿಲ್ಲ. ಬೆರಳುಗಳು ಮಾತ್ರ ಮೊದಲಿನಂತೆಯೇ ಬಾಯಲ್ಲಿದ್ದವು, ಸುದ್ದಿಗಳು ಮೊದಲಿನಂತೆಯೇ ಹೊರಗೆ ಬೀಳುತ್ತಿದ್ದವು. ಸುಂದರಾ ಮೊದಲಿನಂತೆಯೇ ಎಮ್ಮೆಗೆ ನೀರು ತೋರಿಸುತ್ತಿದ್ದಳು. ಬ್ರಶ್ಶಿನವಳೆಂದು ಓಣಿಗೆಲ್ಲ ಹೆಸರಾದ ಅವಳನ್ನು ಯಾರೂ ಕೂರು ಎನ್ನಲಿಲ್ಲ, ಅವಳೂ ಕೇಳಲಿಲ್ಲ.

ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ಟಾರ್ಚು ಹಿಡಿದು ಬಹಳ ಹೊತ್ತು ನೋಡಿದಳು. ಬಿಳಿ ಕಲೆ ಸಣ್ಣದಾಗಿ ಮಾಸಿತ್ತು. "ಹೀಗೇ ಇದ್ದರೆ ಪೂರ್ತಿ ಹೋದರೂ ಹೋಗುತ್ತದೆ ಅಜ್ಜಿ. ಒಮ್ಮೆ ತಂಬಾಕು ಮುಟ್ಟಿದರೆ ಮಾತ್ರ ಮಾಡಿದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ," ಎಂದಳು. ಹೊಳೆವ್ವ ಯಾರಿಗೂ ಹೇಳಬ್ಯಾಡ್ರಿ ಎಂದು ಅವಳ ಕೈ ಹಿಡಿದಳು. ರೋಗಿಯ ಬಾಯಿ ರೋಗಿಯದೇ, ನಾನ್ಯಾರಿಗೂ ಹೇಳುವುದಿಲ್ಲ ಎಂದು ಆಕೆ ಮಾತು ಕೊಟ್ಟಳು. ಬಸ್ಸಿನಲ್ಲಿ ಹೊಳೆವ್ವ ಸೊಸೆಯ ಕಡೆ ನೋಡದೆ ಕಿಟಕಿಗೆ ಹೇಳಿದಳು. "ಕಟ್ಟಿ ಇರೂತನಕ ನಾ ಮುಟ್ಟೂದಿಲ್ಲ. ಕಟ್ಟಿ ಹೋತಂದ್ರ ನನ್ನ ಮ್ಯಾಲ ನನಗ ನಂಬಿಕಿ ಇಲ್ಲ ನೋಡ." ಸುಂದರಾ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಳು.

ಎಲ್ಲ ಸರಿಯಾಗಿತ್ತು, ಭೀಮಸಿಯೊಬ್ಬ ಸರಿಯಿರಲಿಲ್ಲ. ತನ್ನ ಗುಟ್ಕಾ ಹೋಯಿತು, ಅವ್ವನ ಮಶೇರಿ ಹೋಗಲಿಲ್ಲ ಎಂಬುದು ಅವನ ಹೊಟ್ಟೆಯಲ್ಲಿ ಕುದಿಯುತ್ತಿತ್ತು. ಹೈವೇ ಪಕ್ಕದ ಚಹಾದಂಗಡಿಯಲ್ಲಿ ಕಾಕಾಸಾಹೇಬ ಸಿಕ್ಕಾಗ ಅದನ್ನೆಲ್ಲ ಕಕ್ಕಿದ. "ನಮ್ಮನ್ನ ಬಿಡ್ಸಿದ್ರಿ. ಹೆಂಗಸರು ದಿನಾ ಮುಂಜಾನೆ ರಾಣ್ಯಾರ ಹಂಗ ಕುಂತು ತಿಕ್ಕಾಕತ್ತಾರ. ಬೇಕಾದ್ರ ನೀವ ಬಂದು ನೋಡ್ರಿ." ಊರಿಗೆ ಬೋರ್ಡು ಕೊಡುವ ದಿನ ಹತ್ತಿರ ಬಂದಿತ್ತು. ಹೆಂಗಸರ ಮಶೇರಿಯನ್ನೂ ಸುಂದರಾ ಬಿಡಿಸಿಯೇ ಬಿಡಿಸುತ್ತಾಳೆಂದು ನಂಬಿ ಕಾಕಾಸಾಹೇಬನೇ ಚಿಕ್ಕೋಡಿಯ ವೇದಿಕೆಗೆ ಅವಳ ಹೆಸರು ಕಳಿಸಿದ್ದ, ಸತ್ತಿಯಲ್ಲಿ ವೈನಿ ಉಡುವ ಸೀರೆ ತೆಗೆದಿಟ್ಟಿದ್ದಳು. ಹೆಂಡತಿಯ ಶಾಲಿಗೆ ತಾನೇ ಕತ್ತರಿ ಹಾಕುತ್ತಿದ್ದೇನೆಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಗ್ಗೆ ಜೀಪು ಬಂದು ಓಣಿಯಲ್ಲಿ ನಿಂತಿತು. ಕಟ್ಟೆಯ ಮೇಲೆ ಸಾಲಿಗೆ ಸಾಲು ಹೆಂಗಸರು, ಸಾಲಿಗೆ ಸಾಲು ಕರಿ ಬೆರಳು. ಜೀಪಿನ ಹಿಂದೆ ಭೀಮಸಿ, ಕಾಳವ್ವನ ಗಂಡ, ಇನ್ನುಳಿದ ಗಂಡಸರು ನ್ಯಾಯ ಸಿಕ್ಕವರ ಮುಖ ಮಾಡಿಕೊಂಡು ನಿಂತರು. ಒಳಗೆ ಹಂಚಿನ ಮೇಲೆ ಮೆಣಸಿನಕಾಯಿ ಇನ್ನೂ ಹೊಗೆಯಾಡುತ್ತಿತ್ತು. ಕಾಕಾಸಾಹೇಬ ಇಳಿದು ಮೊದಲು ಕೆಮ್ಮಿದ, ಆಮೇಲೆ ಕಣ್ಣೊರೆಸಿಕೊಂಡ, ಆಮೇಲೆ ನೀರಿನ ಕೊಡ ಹೊತ್ತು ಬರುತ್ತಿದ್ದ ಸುಂದರಾಳನ್ನು ನೋಡಿದ.

"ಏನ್ರಿ ಅಕ್ಕಾರ ಇದು? ಒಬ್ಬಾಕಿನೂ ಬಿಟ್ಟಿಲ್ಲ. ನಾಳೆ ವೇದಿಕಿ ಮ್ಯಾಲ ನಿಂತು ಏನ್ ಹೇಳ್ತೀರಿ?"

ಸುಂದರಾ ಕೊಡವನ್ನು ಸೊಂಟದಲ್ಲೇ ಇಟ್ಟುಕೊಂಡು ನಿಂತಳು. ಒಂದು ಮಾತು ಸಾಕಿತ್ತು. ಡಬ್ಬಿ ತೆಗೆದು ಅವನ ಮೂಗಿಗೆ ಹಿಡಿದರೆ ಸಾಕಿತ್ತು, ಶೇಂಗಾ ಸಿಪ್ಪೆ ತಾನೇ ಸಾಕ್ಷಿ ಹೇಳುತ್ತಿತ್ತು. ಬೋರ್ಡು ಬರುತ್ತಿತ್ತು, ಶಾಲು ಬರುತ್ತಿತ್ತು, ವೈನಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಆದರೆ ಜೀಪಿನ ಹಿಂದೆ ನಿಂತವರೂ ಆ ಮಾತನ್ನು ಕೇಳುತ್ತಿದ್ದರು. ಬರೀ ಶೇಂಗಾ ಸಿಪ್ಪೆ ತಿಕ್ಕಲು ಅರ್ಧ ತಾಸು ಯಾಕೆ ಎಂದು ನಾಳೆಯೇ ಕೇಳುತ್ತಿದ್ದರು. ಕಾಕಾಸಾಹೇಬನೊಬ್ಬನ ಕಿವಿಯಲ್ಲಿ ಹೇಳಿದರೂ ಸಂಜೆಗೆ ಕಾಗವಾಡ. ಕಟ್ಟೆಯ ಮೇಲಿನ ಹೆಂಗಸರೆಲ್ಲ ಬಾಯಲ್ಲಿ ಬೆರಳಿಟ್ಟುಕೊಂಡೇ ಅವಳನ್ನು ನೋಡುತ್ತಿದ್ದರು. ತಿಕ್ಕುವುದನ್ನು ಯಾವಾಗಲೋ ನಿಲ್ಲಿಸಿದ್ದರು. ಹೊಳೆವ್ವ ಮಾತ್ರ ನೋಡಲಿಲ್ಲ, ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಳು.

ಸುಂದರಾಳಿಗೆ ಆ ಬಿಳಿ ಕಲೆ ಕಣ್ಣಿಗೆ ಕಟ್ಟಿತು.

"ಹೌದ್ರಿ ಸಾಹೇಬ್ರ," ಎಂದಳು. "ಇನ್ನೂ ಬಿಟ್ಟಿಲ್ಲ. ನನ್ನ ಕೈಲೆ ಆಗಲಿಲ್ರಿ."

ಕಾಕಾಸಾಹೇಬ ಅವಳನ್ನು ಎಲ್ಲರ ಮುಂದೆ ಬೈದ. ಇಂಥವಳನ್ನು ನಂಬಿ ಮೇಲಿನವರಿಗೆ ಮಾತು ಕೊಟ್ಟೆನಲ್ಲ ಎಂದು ತನ್ನನ್ನೂ ಬೈದುಕೊಂಡ. ಬೋರ್ಡು ಬೇರೆ ಊರಿಗೆ ಹೋಗುತ್ತದೆಂದು ಹೇಳಿ ಜೀಪು ಹತ್ತಿದ. ಮಾಡಿದ ಕೆಲಸವನ್ನು ಮಾಡಿಲ್ಲ ಎಂದು ಒಪ್ಪಿಕೊಳ್ಳುವುದು ಇಷ್ಟು ನೋಯುತ್ತದೆಂದು ಸುಂದರಾಳಿಗೆ ಗೊತ್ತಿರಲಿಲ್ಲ. ಆದರೂ ಕೊಡ ಇಳಿಸಲಿಲ್ಲ, ಎಮ್ಮೆ ನೀರಿಗೆ ಕಾಯುತ್ತಿತ್ತು. ಗಂಡಸರು ಚದುರಿದರು. ಬೈಗುಳ ಇಷ್ಟು ಜೋರಾಗಿರುತ್ತದೆಂದು ಎಣಿಸಿರದ ಭೀಮಸಿ ಹೆಂಡತಿಯ ಮುಖ ನೋಡದೆ ಒಳಗೆ ನುಸುಳಿದ.

ಹೊಳೆವ್ವ ಕಾಳವ್ವನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಕಾಳವ್ವ ಸರಿದಳು, ಅವಳ ಪಕ್ಕದವಳು ಸರಿದಳು, ಹಾಗೇ ಕಟ್ಟೆಯ ತುದಿಯವರೆಗೆ ಎಲ್ಲರೂ ಸರಿದರು. ಹೊಳೆವ್ವನ ಪಕ್ಕದಲ್ಲಿ ಒಬ್ಬಳು ಕೂರುವಷ್ಟು ಕಲ್ಲು ಖಾಲಿಯಾಯಿತು.

"ಕೊಡ ಇಳಸ್," ಎಂದಳು ಹೊಳೆವ್ವ.

"ಎಮ್ಮಿಗೆ ನೀರು..."

"ಎಮ್ಮಿ ಸಾಯೂದಿಲ್ಲ. ಇಳಸ್."

ಸುಂದರಾ ಕೊಡ ಇಳಿಸಿ ಕುಳಿತಳು. ಅಷ್ಟು ವರ್ಷ ಹಾದು ಹೋದ ಕಲ್ಲು ಅದು, ಬೆಳಗಿನ ಹೊತ್ತಿಗೆ ಅಷ್ಟು ತಣ್ಣಗಿರುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಹೊಳೆವ್ವ ಡಬ್ಬಿ ತೆಗೆದು, ಮೊದಲ ದಿನ ಮಾಡಿದ ಹಾಗೆಯೇ, ಸೊಸೆಯ ಅಂಗೈಗೆ ಒಂದು ಚಿಟಿಕೆ ಕರಿ ಪುಡಿ ಹಾಕಿದಳು. ಸುಂದರಾ ಬೆರಳಿಗೆ ಮೆತ್ತಿಕೊಂಡು ಬಾಯಿಗಿಟ್ಟಳು. ಉಪ್ಪಿತ್ತು, ಲವಂಗವಿತ್ತು, ತಲೆ ಸುತ್ತಲಿಲ್ಲ. ಎಮ್ಮೆ ಒಂದೇ ಕಂಡಿತು.

ಒಳಗಿನಿಂದ ಭೀಮಸಿಯ ದನಿ ಬಂತು. "ಸುಂದ್ರಾ, ಚಹಾ."

ಅಭ್ಯಾಸಬಲದಿಂದ ಸುಂದರಾ ಅರ್ಧ ಎದ್ದಳು. ಹೊಳೆವ್ವ ಅವಳ ಭುಜ ಒತ್ತಿ ಕೂರಿಸಿದಳು. ಮಶೇರಿ ಹಚ್ಚುವಾಗ ಹೊಳೆವ್ವ ಮಾತಿಗಾಗಿ ಬಾಯಿಂದ ಬೆರಳು ತೆಗೆದದ್ದು ಓಣಿಯ ನೆನಪಿನಲ್ಲಿ ಅದು ಎರಡನೆಯ ಸಲ.

"ಕರೀಬ್ಯಾಡ ಲೇ ಆಕಿನ್ನ," ಎಂದಳು ಮಗನಿಗೆ. "ಬಾಯಾಗ ಬೆರಳೈತಿ, ಕಾಣಸೂದಿಲ್ಲೇನು?"